ಅಗ್ಗದ ಮಾತ್ರೆ, ತಡವಾದ ಸಾಕ್ಷ್ಯ: ಹೃದಯಾಘಾತ ಮತ್ತು ಪ್ಲೇಟ್‌ಲೆಟ್ ನಿರೋಧಕ ಚಿಕಿತ್ಸೆಯ ಇತಿಹಾಸ

ಹೃದಯಾಘಾತದ ಶಂಕೆಯಿಂದ ತುರ್ತು ವಿಭಾಗಕ್ಕೆ ಬಂದವರಿಗೆ ಇಸಿಜಿ ತೆಗೆಯುವ ಹೊತ್ತಿಗೇ ಆಸ್ಪಿರಿನ್ ಅಗಿಯಲು ಕೊಡುವುದು ಇಂದು ರೂಢಿ. ಈ ಮಾತ್ರೆ 1899ರಿಂದಲೂ ಮಾರಾಟದಲ್ಲಿದೆ. ಹೃದಯಾಘಾತದ ಹೊತ್ತಿನಲ್ಲಿ ಅದು ಜೀವ ಉಳಿಸುತ್ತದೆ ಎಂಬುದು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾದದ್ದು ಮಾತ್ರ 1988ರಲ್ಲಿ. ಜನಪ್ರಿಯ ಬರಹಗಳು ಈ ವಿಳಂಬಕ್ಕೆ ಸಾಮಾನ್ಯವಾಗಿ ಒಂದೇ ಕಾರಣ ಕೊಡುತ್ತವೆ: ಕ್ಯಾಲಿಫೋರ್ನಿಯದ ಒಬ್ಬ ವೈದ್ಯರು ಮೊದಲೇ ಕಂಡುಕೊಂಡಿದ್ದರು, ಅವರ ಮಾತಿಗೆ ಯಾರೂ ಕಿವಿಗೊಡಲಿಲ್ಲ. ದಾಖಲೆಗಳನ್ನು ಕಾಲಕ್ರಮದಲ್ಲಿಟ್ಟು ಓದಿದರೆ ಈ ವಿವರಣೆ ಸಾಲದೆಂದು ನನಗೆ ತೋರುತ್ತದೆ. ಹೃದಯಾಘಾತ ಹೇಗೆ ಆಗುತ್ತದೆಂಬುದೇ ಇತ್ಯರ್ಥವಾಗದ ಕಾಲದಲ್ಲಿ ಅದಕ್ಕೆ ಯಾವ ಮದ್ದು ಎಂಬ ಪ್ರಶ್ನೆಗೆ ಉತ್ತರ ಸಿಗುವಂತಿರಲಿಲ್ಲ. ಉತ್ತರ ಹುಡುಕಲು ಬೇಕಾದಷ್ಟು ದೊಡ್ಡ ಪ್ರಯೋಗಗಳೂ ಆಗ ಇರಲಿಲ್ಲ.

ಆ ವೈದ್ಯರ ಹೆಸರು ಲಾರೆನ್ಸ್ ಕ್ರೇವನ್. ಗ್ಲೆಂಡೇಲ್ ಊರಿನಲ್ಲಿ ಟಾನ್ಸಿಲ್ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಅವರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಗಂಟಲು ನೋವಿಗೆಂದು ಆಸ್ಪಿರಿನ್ ಸೇರಿಸಿದ ಚೂಯಿಂಗ್ ಗಮ್ ಅಗಿದವರಲ್ಲಿ ರಕ್ತಸ್ರಾವ ಹೆಚ್ಚು. ಅವರು ತಮ್ಮ ಮೇಲೆಯೇ ಪ್ರಯೋಗಕ್ಕಿಳಿದು ದಿನಕ್ಕೆ 12 ಮಾತ್ರೆ ನುಂಗಿದರು, ಮೂಗಿನಿಂದ ರಕ್ತ ಸುರಿಯುವವರೆಗೂ ಬಿಡಲಿಲ್ಲ. ರಕ್ತ ಹೆಪ್ಪುಗಟ್ಟುವುದನ್ನು ಆಸ್ಪಿರಿನ್ ತಡೆಯುತ್ತದೆಂದಾದರೆ ಹೃದಯದ ರಕ್ತನಾಳದಲ್ಲೂ ತಡೆಯಬೇಕಲ್ಲವೇ? 1950ರಲ್ಲಿ ಸುಮಾರು 400 ಗಂಡಸರ ಅನುಭವವನ್ನೂ 1956ರಲ್ಲಿ ಸುಮಾರು 8,000 ಜನರ ಅನುಭವವನ್ನೂ ಅವರು ಸಣ್ಣ ಪ್ರಾದೇಶಿಕ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಮಾತ್ರೆ ತಪ್ಪದೆ ತೆಗೆದುಕೊಂಡವರಲ್ಲಿ ಒಬ್ಬರಿಗೂ ಹೃದಯಾಘಾತವಾಗಲಿಲ್ಲ ಎಂದರು. ಮರುವರ್ಷ ಅವರೇ ಹೃದಯಾಘಾತದಿಂದ ತೀರಿಕೊಂಡರು.

ಕ್ರೇವನ್ ಅವರ ಗಮನಿಸುವ ಶಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಅವರ ಬರಹದಲ್ಲಿ ಹೋಲಿಕೆಗೆ ಮಾತ್ರೆ ತೆಗೆದುಕೊಳ್ಳದ ಗುಂಪೊಂದು ಇಲ್ಲ. ಆಸ್ಪಿರಿನ್ ಕೆಲಸ ಮಾಡುವ ಬಗೆಯನ್ನೂ ಅವರು ಡೈಕುಮರಾಲ್‌ನಂಥ ಹೆಪ್ಪುರೋಧಕಗಳ ದಾರಿಯಲ್ಲೇ ಊಹಿಸಿದ್ದರು. ಪ್ಲೇಟ್‌ಲೆಟ್ ಅವರ ಲೆಕ್ಕದಲ್ಲೇ ಇರಲಿಲ್ಲ.

ಇಂದು ಡೆಂಗಿ ಜ್ವರದ ದೆಸೆಯಿಂದ ಪ್ಲೇಟ್‌ಲೆಟ್ ಎಂಬ ಹೆಸರು ಕೇಳದ ಮನೆಯಿಲ್ಲ. 1880ರ ದಶಕದ ಆರಂಭದಲ್ಲಿ ಇಟಲಿಯ ಟುರಿನ್ ನಗರದ ಜೂಲಿಯೊ ಬಿಜೊಜೆರೊ, ಜೀವಂತ ಪ್ರಾಣಿಯ ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಡಿ ನೋಡುತ್ತ, ಗಾಯವಾದ ಗೋಡೆಗೆ ಮೊದಲು ಬಂದು ಅಂಟಿಕೊಳ್ಳುವುದು ಈ ಪುಟ್ಟ ಕಣಗಳೇ ಎಂದು ತೋರಿಸಿದ್ದರು. ಆದರೆ ಅವು ಒಂದಕ್ಕೊಂದು ಅಂಟುವುದನ್ನು ಅಳೆಯುವ ಸರಳ ಉಪಕರಣ ಬಂದದ್ದು ಎಂಬತ್ತು ವರ್ಷಗಳ ನಂತರ, 1962ರಲ್ಲಿ. ಅದನ್ನು ರೂಪಿಸಿದವರು ಲಂಡನ್ನಿನ ಗುಸ್ತಾವ್ ಬಾರ್ನ್. ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ಮಸುಕಾಗಿರುತ್ತದೆ, ಬೆಳಕು ಹಾಯುವುದು ಕಡಿಮೆ. ಅದಕ್ಕೆ ಎಡಿಪಿ ಎಂಬ ರಾಸಾಯನಿಕ ಬೆರೆಸಿದರೆ ಕಣಗಳು ಮುದ್ದೆಗಟ್ಟಿ ದ್ರವ ತಿಳಿಯಾಗುತ್ತದೆ, ಬೆಳಕು ದಾಟುತ್ತದೆ. ದಾಟಿದ ಬೆಳಕಿನ ಅಳತೆಯೇ ಅಂಟುವಿಕೆಯ ಅಳತೆ. ಮುಂದೆ ಬಂದ ಪ್ಲೇಟ್‌ಲೆಟ್ ನಿರೋಧಕಗಳೆಲ್ಲ ಈ ಪರೀಕ್ಷೆಯನ್ನು ಹಾದುಬಂದಿವೆ. ಗುಸ್ತಾವ್ ಅವರ ತಂದೆ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, 1935-36ರಲ್ಲಿ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದವರು.

ಅಳತೆ ಕೈಗೆ ಬಂದಮೇಲೆ ಕೆಲಸ ಬೇಗ ಸಾಗಿತು. ಆಸ್ಪಿರಿನ್ ಪ್ಲೇಟ್‌ಲೆಟ್‌ಗಳ ಅಂಟುವಿಕೆಯನ್ನು ಕುಗ್ಗಿಸುತ್ತದೆಂದು 1967ರಲ್ಲಿ ಹಾರ್ವೆ ವೈಸ್ ಮತ್ತು ಲೂಯಿ ಅಲೆಡಾರ್ಟ್ ತೋರಿಸಿದರು. ಅದು ಪ್ರೋಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನು ನಿಲ್ಲಿಸುತ್ತದೆಂದು 1971ರಲ್ಲಿ ಜಾನ್ ವೇನ್ ಕಂಡುಕೊಂಡರು. ಅದೇ ದಾರಿಯಲ್ಲಿ ತಯಾರಾಗಿ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುವ ಥ್ರಾಂಬಾಕ್ಸೇನ್ 1975ರಲ್ಲಿ ಸ್ವೀಡನ್ನಿನ ಸ್ಯಾಮುಯೆಲ್ಸನ್ ತಂಡಕ್ಕೆ ಸಿಕ್ಕಿತು. ಅದೇ ವರ್ಷ ಅಮೆರಿಕದ ರಾತ್ ಮತ್ತು ಮಜೆರಸ್, ಆಸ್ಪಿರಿನ್ ಪ್ಲೇಟ್‌ಲೆಟ್‌ನಲ್ಲಿ ಈ ತಯಾರಿಕೆಗೆ ಬೇಕಾದ ಕಿಣ್ವಕ್ಕೆ ಒಂದು ಅಸಿಟೈಲ್ ಗುಂಪನ್ನು ಅಂಟಿಸಿ ಅದನ್ನು ಶಾಶ್ವತವಾಗಿ ಕೆಡಿಸುತ್ತದೆಂದು ತೋರಿಸಿದರು. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲದ್ದರಿಂದ ಹೊಸ ಕಿಣ್ವ ಮಾಡಿಕೊಳ್ಳಲು ಅದಕ್ಕಾಗದು. ಅದರ ಆಯಸ್ಸು ಏಳರಿಂದ ಹತ್ತು ದಿನ, ಅಷ್ಟೂ ದಿನ ಅದು ಕೈಕಟ್ಟಿಸಿಕೊಂಡೇ ಇರಬೇಕು. ನೋವಿಗೆ ದಿನಕ್ಕೆ ಹಲವು ಬಾರಿ ನುಂಗಬೇಕಾದ ಮದ್ದು ಹೃದಯಕ್ಕೆ ದಿನಕ್ಕೊಂದು ಸಣ್ಣ ಮಾತ್ರೆಯಾಗಿ ಸಾಕಾಗುವುದು ಇದರಿಂದ.

ಇಷ್ಟಾದರೂ ರೋಗದ ಕಡೆಯ ಪ್ರಶ್ನೆ ಹಾಗೇ ಉಳಿದಿತ್ತು. ಹೃದಯದ ರಕ್ತನಾಳ ಹೆಪ್ಪಿನಿಂದ ಹಠಾತ್ತನೆ ಮುಚ್ಚಿಕೊಳ್ಳುವುದರ ಲಕ್ಷಣಗಳನ್ನು ಷಿಕಾಗೋದ ಜೇಮ್ಸ್ ಹೆರಿಕ್ 1912ರಲ್ಲೇ ವಿವರಿಸಿದ್ದರು. ಆದರೆ 1970ರ ದಶಕದಲ್ಲಿ ಹಲವು ರೋಗಶಾಸ್ತ್ರಜ್ಞರು ಆ ಹೆಪ್ಪು ಹೃದಯಾಘಾತದ ಕಾರಣವಲ್ಲ, ಪರಿಣಾಮ ಎಂದು ವಾದಿಸುತ್ತಿದ್ದರು. ಶವಪರೀಕ್ಷೆಗಳಲ್ಲಿ ಎಲ್ಲರಲ್ಲೂ ಹೆಪ್ಪು ಸಿಗುತ್ತಿರಲಿಲ್ಲ. ಅವರ ವಾದ ನಿಜವಾಗಿದ್ದರೆ ಪ್ಲೇಟ್‌ಲೆಟ್ ತಡೆದು ಪ್ರಯೋಜನವೇನು? ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು ಆಗ ಬಹುಮಂದಿ ಅಪಾಯಕರವೆಂದು ಬಿಟ್ಟಿದ್ದ ಕೆಲಸಕ್ಕೆ ಕೈಹಾಕಿದರು, ಹೃದಯಾಘಾತ ನಡೆಯುತ್ತಿರುವಾಗಲೇ ಆಂಜಿಯೋಗ್ರಾಮ್ ಮಾಡಿದರು. 1980ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ನಾಲ್ಕು ಗಂಟೆಗಳಲ್ಲಿ ಪರೀಕ್ಷಿಸಿದ 126 ಜನರ ಪೈಕಿ 110 ಮಂದಿಯಲ್ಲಿ ರಕ್ತನಾಳ ಪೂರ್ತಿ ಮುಚ್ಚಿತ್ತು. ಹನ್ನೆರಡು ಗಂಟೆಯ ನಂತರ ನೋಡಿದವರಲ್ಲಿ ಆ ಪ್ರಮಾಣ 65%ಗೆ ಇಳಿದಿತ್ತು. ಅಂದರೆ ಹೆಪ್ಪು ಮೊದಲೇ ಇರುತ್ತದೆ, ಹೊತ್ತು ಕಳೆದಂತೆ ಕೆಲವರಲ್ಲಿ ತಾನಾಗಿ ಕರಗುತ್ತದೆ. ಈ ಇತಿಹಾಸದ ನಿಜವಾದ ತಿರುವು ಇದು ಎಂಬುದು ನನ್ನ ಅಭಿಪ್ರಾಯ.

ಅದಕ್ಕೂ ಮುಂಚಿನ ಪ್ರಯೋಗಗಳ ಸೋಲನ್ನು ಈ ಬೆಳಕಿನಲ್ಲಿ ಓದಬೇಕು. 1974ರಲ್ಲಿ ಕಾರ್ಡಿಫ್‌ನ ಪೀಟರ್ ಎಲ್‌ವುಡ್ ಮತ್ತು ಆರ್ಚಿ ಕಾಕ್ರನ್, ಹೃದಯಾಘಾತವಾಗಿ ಬದುಕುಳಿದ 1,239 ಗಂಡಸರಲ್ಲಿ ಚೀಟಿ ಎತ್ತಿದಂತೆ ಕೆಲವರಿಗೆ ಆಸ್ಪಿರಿನ್, ಕೆಲವರಿಗೆ ಹುಸಿಮಾತ್ರೆ ಕೊಟ್ಟರು. ಒಂದು ವರ್ಷದಲ್ಲಿ ಸಾವು 25% ಕಡಿಮೆಯಾದಂತೆ ಕಂಡರೂ ಸಂಖ್ಯಾಶಾಸ್ತ್ರದ ಪ್ರಕಾರ ಅದು ಖಚಿತವೆನಿಸಲಿಲ್ಲ. 1980ರಲ್ಲಿ ಅಮೆರಿಕದ ಏಮಿಸ್ ಪ್ರಯೋಗ 4,524 ಜನರಲ್ಲಿ ಏನೂ ಲಾಭ ಕಾಣಲಿಲ್ಲ. ಆದರೆ ಅದರಲ್ಲಿ ಸೇರಿದ್ದವರು ಹೃದಯಾಘಾತವಾಗಿ ಎಂಟು ವಾರಗಳಿಂದ ಐದು ವರ್ಷಗಳಷ್ಟು ಕಾಲ ಕಳೆದವರು. ಹೆಪ್ಪು ಕಟ್ಟುತ್ತಿರುವ ಹೊತ್ತು ಅವರ ಪಾಲಿಗೆ ಎಂದೋ ಮುಗಿದಿತ್ತು. 1983ರಲ್ಲಿ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳು ಅನ್‌ಸ್ಟೇಬಲ್ ಆಂಜೈನಾ, ಅಂದರೆ ಹೃದಯದ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತಿರುವ ಹೊತ್ತಿನ ಎದೆನೋವು, ಇದ್ದ 1,266 ಜನರನ್ನು ಆರಿಸಿಕೊಂಡಾಗ ಚಿತ್ರ ಬದಲಾಯಿತು. 12 ವಾರಗಳಲ್ಲಿ ಸಾವು ಅಥವಾ ಹೃದಯಾಘಾತ ಕಂಡವರು ಹುಸಿಮಾತ್ರೆಯ ಗುಂಪಿನಲ್ಲಿ 10.1%, ಆಸ್ಪಿರಿನ್ ಗುಂಪಿನಲ್ಲಿ 5.0%.

ಪ್ರಯೋಗದ ಗಾತ್ರದ ಪ್ರಶ್ನೆಗೆ ಉತ್ತರ ಬಂದದ್ದು ಆಕ್ಸ್‌ಫರ್ಡ್‌ನಿಂದ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್, ರೋರಿ ಕಾಲಿನ್ಸ್ ಮತ್ತು ರಿಚರ್ಡ್ ಪೀಟೊ 1984ರಲ್ಲಿ ಒಂದು ವಾದ ಮುಂದಿಟ್ಟರು: ಚಿಕಿತ್ಸೆಯ ಲಾಭ ಸಾಧಾರಣವಾಗಿದ್ದರೆ ಅದನ್ನು ಕಾಣಲು ಸಾವಿರಾರು ರೋಗಿಗಳು ಬೇಕು, ಆದ್ದರಿಂದ ಪ್ರಯೋಗ ದೊಡ್ಡದಾಗಿರಲಿ, ಸರಳವಾಗಿರಲಿ. ಈ ಚಿಂತನೆಯ ಫಲ ಐಸಿಸ್-2 ಪ್ರಯೋಗ. 16 ದೇಶಗಳ 417 ಆಸ್ಪತ್ರೆಗಳು, 17,187 ರೋಗಿಗಳು. ಮೊದಲ ಮಾತ್ರೆಯನ್ನು ಅಗಿಯಬೇಕಿತ್ತು, ಆಮೇಲೆ ಒಂದು ತಿಂಗಳು ದಿನಕ್ಕೊಂದು. 1988ರಲ್ಲಿ ಬಂದ ಫಲಿತಾಂಶದಲ್ಲಿ ಐದು ವಾರಗಳ ಹೃದಯ-ರಕ್ತನಾಳ ಸಂಬಂಧಿ ಸಾವು ಆಸ್ಪಿರಿನ್ ಪಡೆಯದವರಲ್ಲಿ 11.8%, ಪಡೆದವರಲ್ಲಿ 9.4%. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಜೊತೆಗೂಡಿದಾಗ ಲಾಭ ಇನ್ನೂ ಹೆಚ್ಚು: ಎರಡೂ ಸಿಗದವರಲ್ಲಿ 13.2%, ಎರಡೂ ಸಿಕ್ಕವರಲ್ಲಿ 8.0%. ರೋಗಿಗಳನ್ನು ಚಿಕ್ಕ ಗುಂಪುಗಳಾಗಿ ಒಡೆದು ನೋಡುವುದು ಎಷ್ಟು ದಾರಿತಪ್ಪಿಸಬಲ್ಲದು ಎಂದು ತೋರಿಸಲು ಲೇಖಕರು ಜನ್ಮರಾಶಿಯ ಪ್ರಕಾರವೂ ಲೆಕ್ಕ ಹಾಕಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಕೆಲಸ ಮಾಡದಂತೆ ಕಂಡಿತು! ಸಂಶೋಧನಾ ವಿಧಾನ ಕಲಿಸುವವರೆಲ್ಲ ಈ ಉದಾಹರಣೆಯನ್ನು ವಿದ್ಯಾರ್ಥಿಗಳಿಗೆ ಹೇಳಬೇಕು.

ಮುಂದಿನದು ಎರಡನೆಯ ಮಾತ್ರೆಯ ಕಥೆ. ಬಾರ್ನ್ ಬಳಸಿದ ಎಡಿಪಿಯ ದಾರಿಯನ್ನೇ ಮುಚ್ಚುವ ಟಿಕ್ಲೊಪಿಡಿನ್ ಬಿಳಿರಕ್ತಕಣಗಳನ್ನು ಕುಗ್ಗಿಸುವ ದೋಷದಿಂದ ಹಿಂದೆ ಸರಿಯಿತು, ಅದರ ಜಾಗಕ್ಕೆ ಕ್ಲೊಪಿಡೊಗ್ರೆಲ್ ಬಂತು. ಯೂಸುಫ್ ನೇತೃತ್ವದಲ್ಲಿ 12,562 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಕ್ಯೂರ್ ಪ್ರಯೋಗದಲ್ಲಿ, ಆಸ್ಪಿರಿನ್ ಜೊತೆ ಇದನ್ನೂ ಕೊಟ್ಟಾಗ ಹೃದಯ-ರಕ್ತನಾಳ ಸಂಬಂಧಿ ಸಾವು, ಹೃದಯಾಘಾತ, ಪಾರ್ಶ್ವವಾಯು ಒಟ್ಟಾಗಿ 11.4%ರಿಂದ 9.3%ಗೆ ಇಳಿದವು. ತೀವ್ರ ರಕ್ತಸ್ರಾವ 2.7%ರಿಂದ 3.7%ಗೆ ಏರಿತು. ಆಮೇಲೆ ಬಂದ ಪ್ರಸುಗ್ರೆಲ್ ಮತ್ತು ಟಿಕಾಗ್ರೆಲಾರ್ ಇನ್ನಷ್ಟು ಪ್ರಬಲ, ಅವುಗಳಲ್ಲೂ ಇದೇ ಕೊಡುಕೊಳ್ಳುವಿಕೆ ಇದೆ.

ಈವರೆಗೆ ಹೇಳಿದ ಪ್ರಯೋಗಗಳು ಹೃದ್ರೋಗಿಗಳ ಮೇಲೆ ನಡೆದವು, ಕ್ರೇವನ್ ಮಾತ್ರೆ ಕೊಟ್ಟದ್ದು ಬಹುತೇಕ ಆರೋಗ್ಯವಂತರಿಗೆ. 1989ರಲ್ಲಿ ಅಮೆರಿಕದ 22,071 ವೈದ್ಯರ ಮೇಲಿನ ಅಧ್ಯಯನ ಹೃದಯಾಘಾತ 44% ಕಡಿಮೆಯಾಯಿತೆಂದಾಗ ಅವರ ಮಾತು ಗೆದ್ದಂತೆ ಕಂಡಿತ್ತು. 2018ರಲ್ಲಿ 19,114 ಹಿರಿಯರ ಆಸ್ಪ್ರೀ ಪ್ರಯೋಗದಲ್ಲಿ ಹೃದಯಕ್ಕೆ ಲಾಭ ಕಾಣಲಿಲ್ಲ, ರಕ್ತಸ್ರಾವ ಹೆಚ್ಚಿತು. ಹೃದ್ರೋಗವಿಲ್ಲದ ಹಿರಿಯರು ಮುನ್ನೆಚ್ಚರಿಕೆಗೆಂದು ಅಂಗಡಿಯಿಂದ ಇಕೋಸ್ಪ್ರಿನ್‌ನಂಥ ಆಸ್ಪಿರಿನ್ ಮಾತ್ರೆ ತಂದು ನುಂಗುವುದಕ್ಕೆ ಇಂದು ಆಧಾರವಿಲ್ಲ. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸುವುದಂತೂ ಪ್ರಾಣಕ್ಕೇ ಅಪಾಯ.

ಭಾರತದ ಮಟ್ಟಿಗೆ ಮುಖ್ಯ ದಾಖಲೆ ಸೇಂಟ್ ಜಾನ್ಸ್‌ನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮೊದಲಾದವರು 2008ರಲ್ಲಿ ಪ್ರಕಟಿಸಿದ ಕ್ರಿಯೇಟ್ ಅಧ್ಯಯನ. 89 ಆಸ್ಪತ್ರೆಗಳ 20,468 ರೋಗಿಗಳಲ್ಲಿ ಪ್ಲೇಟ್‌ಲೆಟ್ ನಿರೋಧಕ ಸಿಕ್ಕವರು ಸುಮಾರು 98%. ಅಗ್ಗದ ಮಾತ್ರೆ ಬಡವ-ಬಲ್ಲಿದ ಎನ್ನದೆ ಎಲ್ಲರನ್ನೂ ಮುಟ್ಟಿತ್ತು. ಆದರೆ ಆಂಜಿಯೋಪ್ಲಾಸ್ಟಿಯಂಥ ಚಿಕಿತ್ಸೆ ಸಿರಿವಂತರಲ್ಲಿ 15.3% ಜನಕ್ಕೆ ಸಿಕ್ಕರೆ ಬಡವರಲ್ಲಿ 2.0% ಜನಕ್ಕೆ. 30 ದಿನಗಳ ಸಾವು ಬಡವರಲ್ಲಿ 8.2%, ಸಿರಿವಂತರಲ್ಲಿ 5.5%. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ಇಲ್ಲವಾಯಿತು. ತೀವ್ರ ಹೃದಯಾಘಾತವಾದವರು ಎದೆನೋವು ಶುರುವಾಗಿ ಆಸ್ಪತ್ರೆ ಸೇರಲು ಹಿಡಿದ ಮಧ್ಯಮ ಅವಧಿ 360 ನಿಮಿಷ. ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಮಲಗುವುದು, ದೊಡ್ಡಾಸ್ಪತ್ರೆ ದೂರವಿರುವುದು, ವಾಹನ ಸಿಗದಿರುವುದು ನಮ್ಮೂರುಗಳಲ್ಲಿ ಎಲ್ಲರೂ ಬಲ್ಲ ಸಂಗತಿ. ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2023ರಲ್ಲಿ ಆರಂಭಿಸಿದ ಹೃದಯ ಜ್ಯೋತಿ ಯೋಜನೆ, ತಾಲ್ಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು ಈ ಆರು ಗಂಟೆಗಳನ್ನು ಕಡಿಮೆ ಮಾಡಲು ಹೊರಟಿದೆ.