ಪ್ರಯೋಗಶಾಲೆ ಮತ್ತು ಅನರ್ಥದಂಡ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅಹಿಂಸಾಣುವ್ರತಕ್ಕೆ ದೊರೆಯುವ ಪ್ರಾಶಸ್ತ್ಯ ಅನರ್ಥದಂಡವಿರತಿಗೆ ದೊರೆಯುವುದಿಲ್ಲ. ಆಚಾರ್ಯ ಸಮಂತಭದ್ರರು ತಮ್ಮ ಶ್ರಾವಕಾಚಾರ ಗ್ರಂಥದಲ್ಲಿ ಇದನ್ನು ಗುಣವ್ರತಗಳ ಸಾಲಿನಲ್ಲಿರಿಸಿ, ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಅನರ್ಥದಂಡದ ಐದು ಬಗೆಗಳನ್ನು ವಿವರಿಸಿದ್ದಾರೆ. ಯಾವ ಪ್ರಯೋಜನವೂ ಇಲ್ಲದೆ ಮನ, ವಚನ, ಕಾಯಗಳಿಂದ ಜೀವಿಗಳಿಗೆ ಉಂಟುಮಾಡುವ ಪೀಡೆಯೇ ಅನರ್ಥದಂಡ. ಗೃಹಸ್ಥನಾದವನು ಒಲೆ ಹಚ್ಚಲೇಬೇಕು, ಹೊಲ ಉಳಲೇಬೇಕು, ವ್ಯಾಪಾರ ಮಾಡಲೇಬೇಕು. ಆ ಹಿಂಸೆಯಿಂದ ಅವನು ಪೂರ್ಣವಾಗಿ ಪಾರಾಗಲಾರ. ಆದರೆ ಯಾವುದಕ್ಕೂ ಬೇಡದ ಹಿಂಸೆಯನ್ನು ಅವನು ಇಂದೇ ಬಿಡಬಲ್ಲ. ವ್ರತದ ತಿರುಳು ಇಷ್ಟೇ.

ವಿಶ್ವವಿದ್ಯಾಲಯಗಳ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಮತ್ತು ಶರೀರಕ್ರಿಯಾಶಾಸ್ತ್ರ ವಿಭಾಗಗಳು ಕಳೆದ ನೂರೈವತ್ತು ವರ್ಷಗಳಲ್ಲಿ ನಡೆದುಬಂದ ದಾರಿಯನ್ನು ಅವಲೋಕಿಸಿದರೆ ಒಂದು ಸಂಗತಿ ಗೋಚರಿಸುತ್ತದೆ. ಈ ವ್ರತದ ಹೆಸರನ್ನೂ ಕೇಳದ ಜನರು, ವಾದ, ಮೊಕದ್ದಮೆ, ಗಲಭೆಗಳನ್ನು ದಾಟಿ, ಇದೇ ಪ್ರಶ್ನೆಯ ಬಳಿಗೆ ಬಂದು ನಿಂತರು: ಈ ಹಿಂಸೆ ಯಾವುದಕ್ಕಾಗಿ? ಇದಿಲ್ಲದೆ ಆಗದೇ?

ಪ್ರಯೋಗದ ಹಸಿವು ಮತ್ತು ಮೊದಲ ಕಾನೂನು

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪ್ಯಾರಿಸ್ ನಗರದ ಕ್ಲೋದ್ ಬರ್ನಾರ್ ಅವರು ಶರೀರಕ್ರಿಯಾಶಾಸ್ತ್ರದ ಮಹಾಚಾರ್ಯರೆನಿಸಿದ್ದರು. ಯಕೃತ್ತು ಸಕ್ಕರೆಯನ್ನು ಸಿದ್ಧಪಡಿಸುವ ಬಗೆಯನ್ನೂ, ಜೀರ್ಣಕ್ರಿಯೆಯಲ್ಲಿ ಮೇದೋಜೀರಕ ಗ್ರಂಥಿಯ ಪಾತ್ರವನ್ನೂ ಲೋಕಕ್ಕೆ ತೋರಿಸಿಕೊಟ್ಟವರು ಅವರು. ಈ ಜ್ಞಾನವೆಲ್ಲ ಬಂದದ್ದು ಜೀವಂತ ನಾಯಿ, ಮೊಲಗಳನ್ನು ಕೊಯ್ದು. ಅವರ ಸ್ವಂತ ಪತ್ನಿಯೇ ಈ ಕಾರ್ಯವನ್ನು ಸಹಿಸಲಾರದೆ ಬೇರೆಯಾಗಿ, ಪ್ರಾಣಿದಯೆಯ ಚಳವಳಿಯ ಪಕ್ಷ ವಹಿಸಿದರು.

ಬರ್ನಾರ್ ಅವರ ಪ್ರಯೋಗಶಾಲೆಯಲ್ಲಿ ನಾಲ್ಕು ತಿಂಗಳು ಕೆಲಸಮಾಡಿದ್ದ ಜಾರ್ಜ್ ಹೋಗನ್ ಎಂಬ ವೈದ್ಯರು 1875ರಲ್ಲಿ ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಗೆ ಒಂದು ಪತ್ರ ಬರೆದರು. ತಾವು ಅಲ್ಲಿ ಕಂಡ ಪ್ರಾಣಿಪ್ರಯೋಗಗಳಲ್ಲಿ ಒಂದಾದರೂ ಅವಶ್ಯವಾಗಿತ್ತೆಂದು ಹೇಳಲಾರೆನೆಂಬುದು ಅವರ ಸಾಕ್ಷ್ಯದ ಸಾರ. ಪ್ರಯೋಗಶಾಲೆಯ ಒಳಗಿದ್ದವರೊಬ್ಬರು ಆಡಿದ ಈ ಮಾತು ಇಂಗ್ಲೆಂಡಿನಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು. ಅದೇ ವರ್ಷ ಸರಕಾರ ಒಂದು ರಾಜ ಆಯೋಗವನ್ನು ನೇಮಿಸಿತು. ಆಯೋಗದ ಮುಂದೆ ಚಾರ್ಲ್ಸ್ ಡಾರ್ವಿನ್ ಅವರೂ ಹೇಳಿಕೆ ನೀಡಿದರು. ಜೀವಂತ ಪ್ರಾಣಿಗಳ ಮೇಲಿನ ಪ್ರಯೋಗವಿಲ್ಲದೆ ಶರೀರಶಾಸ್ತ್ರ ಮುಂದುವರಿಯದೆಂಬುದು ಡಾರ್ವಿನ್ನರ ನಂಬಿಕೆಯಾಗಿತ್ತು. ಆದರೆ ಬರಿಯ ಕುತೂಹಲಕ್ಕಾಗಿ ಮಾಡುವ ಪ್ರಯೋಗದ ಬಗ್ಗೆ ಅವರಿಗೆ ತೀವ್ರ ಜುಗುಪ್ಸೆಯಿತ್ತು. ಅರ್ಥ ಮತ್ತು ಅನರ್ಥಗಳ ನಡುವಿನ ಗೆರೆಯನ್ನು ಅವರು ತಮ್ಮ ರೀತಿಯಲ್ಲಿ ಎಳೆದಿದ್ದರು.

1876ರಲ್ಲಿ ಬ್ರಿಟಿಷ್ ಸಂಸತ್ತು ಈ ವಿಷಯದ ಕಾನೂನನ್ನು ಅಂಗೀಕರಿಸಿತು. ಕಶೇರುಕ ಪ್ರಾಣಿಗಳ ಮೇಲೆ ಪ್ರಯೋಗ ನಡೆಸುವವನು ಪರವಾನಗಿ ಪಡೆಯಬೇಕು, ಪ್ರಾಣಿಗೆ ಅರಿವಳಿಕೆ ನೀಡಬೇಕು, ಕೇವಲ ಕೈಚಳಕ ಸಾಧಿಸಲು ಪ್ರಯೋಗ ಮಾಡಕೂಡದು ಎಂಬ ನಿಬಂಧನೆಗಳು ಅದರಲ್ಲಿದ್ದವು. ವಿಶೇಷ ಪ್ರಮಾಣಪತ್ರ ಪಡೆದವರಿಗೆ ವಿನಾಯಿತಿಗಳೂ ಇದ್ದವು. ಕಾನೂನಿನ ಬೇಲಿ ಎದ್ದಿತು. ಬೇಲಿಯ ನಡುವೆ ಕಂಡಿಗಳೂ ಉಳಿದವು.

ಒಂದು ಕಂದು ನಾಯಿಯ ಮೊಕದ್ದಮೆ

ಆ ಕಂಡಿಗಳ ಮೂಲಕ ಏನು ನಡೆಯಬಹುದೆಂಬುದಕ್ಕೆ 1903ರ ಘಟನೆ ನಿದರ್ಶನ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಎಂಬ ಇಬ್ಬರು ಪ್ರಾಧ್ಯಾಪಕರಿದ್ದರು. ಇವರೇನೂ ಸಾಮಾನ್ಯರಲ್ಲ. 1902ರಲ್ಲಿ ಇವರು ಕಂಡುಹಿಡಿದ ಸೆಕ್ರೆಟಿನ್ ಎಂಬ ಸ್ರಾವದಿಂದಲೇ ಹಾರ್ಮೋನುಗಳ ಶಾಸ್ತ್ರ ಆರಂಭವಾಯಿತು. ಇಂದು ಮನೆಮಾತಾಗಿರುವ ಹಾರ್ಮೋನ್ ಎಂಬ ಪದವನ್ನು 1905ರಲ್ಲಿ ಬಳಕೆಗೆ ತಂದವರೂ ಸ್ಟಾರ್ಲಿಂಗ್ ಅವರೇ. ಅವರ ಸಾಧನೆಯನ್ನು ಅಲ್ಲಗಳೆಯುವುದು ಸತ್ಯಕ್ಕೆ ಅಪಚಾರ.

1903ರ ಫೆಬ್ರವರಿಯಲ್ಲಿ ಬೇಲಿಸ್ ಅವರು ಸುಮಾರು 60 ವಿದ್ಯಾರ್ಥಿಗಳೆದುರು ಒಂದು ಕಂದು ಬಣ್ಣದ ನಾಯಿಯ ಮೇಲೆ ಪ್ರಾತ್ಯಕ್ಷಿಕೆ ನಡೆಸಿದರು. ಆ ನಾಯಿಗೆ ಹಿಂದಿನ ಡಿಸೆಂಬರಿನಲ್ಲೇ ಒಮ್ಮೆ ಶಸ್ತ್ರಕ್ರಿಯೆಯಾಗಿತ್ತು. ಲಾಲಾರಸದ ಒತ್ತಡವು ರಕ್ತದ ಒತ್ತಡವನ್ನು ಅವಲಂಬಿಸಿಲ್ಲವೆಂದು ತೋರಿಸುವುದು ಅಂದಿನ ಉದ್ದೇಶ. ಅರ್ಧ ಗಂಟೆ ಪ್ರಯತ್ನಿಸಿದರೂ ಪ್ರಾತ್ಯಕ್ಷಿಕೆ ಫಲಿಸಲಿಲ್ಲ. ನಾಯಿಯನ್ನು ಕೊಲ್ಲಲಾಯಿತು. ಸಭೆಯಲ್ಲಿದ್ದ ಸ್ವೀಡನ್ ದೇಶದ ಇಬ್ಬರು ವಿದ್ಯಾರ್ಥಿನಿಯರು, ಲಿಂಡ್ ಅಫ್ ಹಾಗೆಬಿ ಮತ್ತು ಲೀಸಾ ಶಾರ್ಟೌ, ಕಂಡದ್ದನ್ನು ದಿನಚರಿಯಲ್ಲಿ ಬರೆದಿಟ್ಟುಕೊಂಡಿದ್ದರು. ನಾಯಿಗೆ ಸರಿಯಾದ ಅರಿವಳಿಕೆ ಇರಲಿಲ್ಲವೆಂಬುದು ಅವರ ಆರೋಪ. ಪ್ರಾಣಿದಯಾ ಸಂಘದ ಸ್ಟೀಫನ್ ಕೋಲ್‌ರಿಜ್ ಅವರು ಅದನ್ನು ಸಾರ್ವಜನಿಕ ಸಭೆಯಲ್ಲಿ ಸಾರಿದರು. ಬೇಲಿಸ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. 2,000 ಪೌಂಡು ಪರಿಹಾರವೂ ದೊರೆಯಿತು.

ಆ ವಿಚಾರಣೆಯಲ್ಲಿ ಸ್ಟಾರ್ಲಿಂಗ್ ಅವರು ಹೇಳಿದ ಮಾತು ಮನನಯೋಗ್ಯ. ಒಂದೇ ನಾಯಿಯನ್ನು ಎರಡು ಬಾರಿ ಬಳಸಿ ಕಾನೂನನ್ನು ಮೀರಿದ್ದು ನಿಜ, ಇನ್ನೊಂದು ನಾಯಿಯ ಜೀವ ಉಳಿಯಲೆಂದೇ ಹಾಗೆ ಮಾಡಿದೆ ಎಂದು ಅವರು ಒಪ್ಪಿಕೊಂಡರು. ಪ್ರಾಣಿಗಳ ಸಂಖ್ಯೆಯನ್ನು ಕಡಿಮೆಮಾಡಬೇಕೆಂಬ ಅರಿವು ಅವರಲ್ಲಿಯೂ ಇತ್ತೆಂದಾಯಿತು. ಆದರೆ ಒಂದು ಪ್ರಶ್ನೆಯನ್ನು ನ್ಯಾಯಾಲಯ ವಿಚಾರಿಸಬೇಕಾಗಿರಲಿಲ್ಲ, ವಿಚಾರಿಸಲೂ ಇಲ್ಲ. ಪಾಠ ಹೇಳುವುದಕ್ಕೆ ಆ ನಾಯಿಯೇ ಬೇಕಿತ್ತೇ?

1906ರಲ್ಲಿ ಲಂಡನ್ನಿನ ಬ್ಯಾಟರ್‌ಸೀಯಲ್ಲಿ ಆ ನಾಯಿಯ ಕಂಚಿನ ಪ್ರತಿಮೆ ಸ್ಥಾಪಿತವಾಯಿತು. ಅದನ್ನು ಸಹಿಸದ ವೈದ್ಯವಿದ್ಯಾರ್ಥಿಗಳು 1907ರ ಡಿಸೆಂಬರಿನಲ್ಲಿ ಬೀದಿಗಿಳಿದು ಗಲಭೆ ನಡೆಸಿದರು. 1910ರಲ್ಲಿ ಪ್ರತಿಮೆಯನ್ನು ತೆಗೆಯಲಾಯಿತು. 1985ರಲ್ಲಿ ಬ್ಯಾಟರ್‌ಸೀಯ ಉದ್ಯಾನದಲ್ಲಿ ಹೊಸ ಪ್ರತಿಮೆಯೊಂದು ಮತ್ತೆ ಎದ್ದಿತು.

ಒಳಗಿನಿಂದ ಬಂದ ಸಂಯಮ

ಗಲಭೆಯಿಂದ ಎರಡು ಪಕ್ಷಗಳಾದವೇ ಹೊರತು ಪ್ರಾಣಿಗಳ ಸ್ಥಿತಿ ಸುಧಾರಿಸಲಿಲ್ಲ. ಬೇರೆ ದಾರಿ ಹಿಡಿದವರು ಚಾರ್ಲ್ಸ್ ಹ್ಯೂಮ್. 1926ರಲ್ಲಿ ಅವರು ಲಂಡನ್ ವಿಶ್ವವಿದ್ಯಾಲಯದೊಳಗೇ ಪ್ರಾಣಿಕಲ್ಯಾಣದ ಸಂಘವೊಂದನ್ನು ಕಟ್ಟಿದರು. 1938ರಲ್ಲಿ ಅದು ಎಲ್ಲ ವಿಶ್ವವಿದ್ಯಾಲಯಗಳಿಗೂ ಅನ್ವಯವಾಗುವ ಒಕ್ಕೂಟವಾಯಿತು. ವಿಜ್ಞಾನಿಗಳನ್ನು ನಿಂದಿಸದೆ, ಅವರ ಭಾಷೆಯಲ್ಲೇ ಅವರೊಡನೆ ಮಾತನಾಡಬೇಕೆಂಬುದು ಹ್ಯೂಮ್ ಅವರ ನೀತಿ.

ಈ ಒಕ್ಕೂಟದ ಆಶ್ರಯದಲ್ಲಿ ಪ್ರಾಣಿಶಾಸ್ತ್ರಜ್ಞ ವಿಲಿಯಂ ರಸೆಲ್ ಮತ್ತು ಸೂಕ್ಷ್ಮಜೀವಿಶಾಸ್ತ್ರಜ್ಞ ರೆಕ್ಸ್ ಬರ್ಚ್ ಅವರು ಸಿದ್ಧಪಡಿಸಿದ ಗ್ರಂಥ 1959ರಲ್ಲಿ ಪ್ರಕಟವಾಯಿತು. ಅವರು ಹೇಳಿದ ಸೂತ್ರಗಳು ಮೂರು. ಪ್ರಾಣಿಯ ಬದಲು ಬೇರೆ ಸಾಧನವಿದ್ದರೆ ಅದನ್ನೇ ಬಳಸುವುದು ಪರ್ಯಾಯ. ಪ್ರಾಣಿಗಳ ಸಂಖ್ಯೆಯನ್ನು ಆದಷ್ಟು ತಗ್ಗಿಸುವುದು ಇಳಿಕೆ. ಅನಿವಾರ್ಯವಾದಲ್ಲಿ ನೋವನ್ನು ಅತಿ ಕಡಿಮೆ ಮಾಡುವುದು ಪರಿಷ್ಕಾರ. ಭಯ, ನೋವುಗಳಿಂದ ಕಂಗೆಟ್ಟ ಪ್ರಾಣಿಯ ದೇಹ ನೀಡುವ ಉತ್ತರವೂ ಕಲುಷಿತವೇ, ಆದ್ದರಿಂದ ದಯೆಯಿಲ್ಲದ ಪ್ರಯೋಗ ವಿಜ್ಞಾನವಾಗಿಯೂ ಕಳಪೆ ಎಂದು ಅವರು ವಾದಿಸಿದರು. ಸುಮಾರು ಎರಡು ದಶಕ ಈ ಗ್ರಂಥವನ್ನು ಕೇಳುವವರಿರಲಿಲ್ಲ. ಇಂದು ಜಗತ್ತಿನ ಪ್ರಾಣಿಪ್ರಯೋಗ ನಿಯಮಗಳಿಗೆಲ್ಲ ಅದೇ ತಳಹದಿ.

ಕೋತಿಗಳ ವ್ಯಾಪಾರ

ಪರ್ಯಾಯವೆಂಬುದು ಬರಿಯ ಆದರ್ಶವಲ್ಲವೆಂಬುದಕ್ಕೆ ಪೋಲಿಯೊ ಲಸಿಕೆಯ ಚರಿತ್ರೆಯೇ ಸಾಕ್ಷಿ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಜೋನಾಸ್ ಸಾಲ್ಕ್ ಅವರು ಸಿದ್ಧಪಡಿಸಿದ ಲಸಿಕೆ 1955ರಲ್ಲಿ ಬಳಕೆಗೆ ಬಂದಿತು. ಅದರ ವೈರಾಣುವನ್ನು ಬೆಳೆಸಲು ಕೋತಿಯ ಮೂತ್ರಪಿಂಡದ ಜೀವಕೋಶಗಳು ಬೇಕಾಗಿದ್ದವು. ಆ ಕೋತಿಗಳು ಹೋಗುತ್ತಿದ್ದುದು ಭಾರತದಿಂದ, ಸಾವಿರ ಸಾವಿರ ಸಂಖ್ಯೆಯಲ್ಲಿ, ಪಂಜರಗಳಲ್ಲಿ. 1955ರಲ್ಲಿ ಭಾರತ ರಫ್ತನ್ನು ತಡೆಯಿತು. ವೈದ್ಯಕೀಯ ಸಂಶೋಧನೆ ಮತ್ತು ಲಸಿಕೆಗಳಿಗೆ ಮಾತ್ರ ಬಳಸುವ ಷರತ್ತಿನ ಮೇಲೆ ಅದು ಮತ್ತೆ ಆರಂಭವಾಯಿತು. ಆ ಷರತ್ತಿಗೆ ವಿರುದ್ಧವಾಗಿ ಕೋತಿಗಳನ್ನು ಅಣ್ವಸ್ತ್ರ ವಿಕಿರಣದ ಸೈನಿಕ ಪ್ರಯೋಗಗಳಲ್ಲಿ ಬಳಸಿದ್ದು ಬೆಳಕಿಗೆ ಬಂದಾಗ, ಮೊರಾರ್ಜಿ ದೇಸಾಯಿ ಅವರ ಸರಕಾರ 1978ರಿಂದ ರಫ್ತನ್ನು ಪೂರ್ಣವಾಗಿ ನಿಲ್ಲಿಸಿತು. ಸರಕನ್ನು ಮಾರುವವನು, ಅದು ಯಾವುದಕ್ಕೆ ಹೋಗುತ್ತದೆಂದು ಕೇಳುವ ಹೊಣೆಯಿಂದ ಮುಕ್ತನಲ್ಲ. ಹಿಂಸೆಯ ಸಾಧನವನ್ನು ಪರರ ಕೈಗಿಡುವ ಹಿಂಸಾದಾನವನ್ನು ಅನರ್ಥದಂಡದಲ್ಲಿ ಎಣಿಸಿದ ಆಚಾರ್ಯರ ದೂರದೃಷ್ಟಿ ಇಲ್ಲಿ ಸ್ಪಷ್ಟವಾಗುತ್ತದೆ.

ಇದೇ ಕಥೆಗೆ ಇನ್ನೊಂದು ಮುಖವಿದೆ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಆಫ್ರಿಕದ ಒಂದು ಹಸಿರು ಕೋತಿಯ ಮೂತ್ರಪಿಂಡದಿಂದ ತೆಗೆದ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದರು. ಅವು ಸಾಯದೆ ವಂಶವಾಗಿ ಬೆಳೆಯುತ್ತಲೇ ಹೋದವು. ವೆರೊ ಎಂದು ಹೆಸರಾದ ಆ ಕೋಶವಂಶದಲ್ಲಿಯೇ ಈಗ ಪೋಲಿಯೊ ಚುಚ್ಚುಮದ್ದಿನ ವೈರಾಣುವನ್ನು ಬೆಳೆಸಲಾಗುತ್ತಿದೆ. ಕೋಶಗಳಿಗಾಗಿ ಕಾಡಿನ ಕೋತಿಗಳನ್ನು ಮತ್ತೆ ಮತ್ತೆ ಹಿಡಿಯುವ ಅಗತ್ಯ ಹೀಗೆ ಹೋಯಿತು. ಆ ಒಂದು ಕೋತಿಯ ಹಿಂಸೆ ಶೂನ್ಯವಾಯಿತೆಂದು ಜೈನದೃಷ್ಟಿ ಎಂದೂ ಹೇಳದು. ಪ್ರಯೋಜನವಿದ್ದ ಮಾತ್ರಕ್ಕೆ ಸಂಕಲ್ಪೀ ಹಿಂಸೆ ಅಹಿಂಸೆಯಾಗದು. ಆದರೆ ಅಸಂಖ್ಯ ಪ್ರಾಣಿಗಳಿಗೂ ಒಂದು ಪ್ರಾಣಿಗೂ ಇರುವ ಅಂತರವನ್ನು ಕಾಣದಿರುವುದು ವಿವೇಕವಲ್ಲ.

ಭಾರತದ ಕಾನೂನು ಮತ್ತು ಕಪ್ಪೆ

ರಾಜ್ಯಸಭೆಯಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರು ಮಂಡಿಸಿದ ಖಾಸಗಿ ಮಸೂದೆಯ ಪ್ರೇರಣೆಯಿಂದ 1960ರಲ್ಲಿ ಪ್ರಾಣಿಹಿಂಸೆ ತಡೆ ಅಧಿನಿಯಮ ಜಾರಿಗೆ ಬಂದಿತು. ಅದರ 17ನೆಯ ಪ್ರಕರಣ ಬಹಳ ಮಹತ್ವದ್ದು. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಪಾಠ ಸಾಗುವಂತಿದ್ದರೆ ವೈದ್ಯಶಾಲೆ, ಕಾಲೇಜುಗಳಲ್ಲಿ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕು, ಕೇವಲ ಕೈಚಳಕಕ್ಕಾಗಿ ಪ್ರಯೋಗ ಮಾಡಕೂಡದು ಎಂಬ ಆಶಯ ಅದರಲ್ಲಿ ಸ್ಪಷ್ಟವಾಗಿದೆ. ಆದರೂ ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಕಪ್ಪೆ, ಜಿರಳೆ, ಎರೆಹುಳುಗಳ ಛೇದನ ದಶಕಗಳ ಕಾಲ ನಿಲ್ಲಲಿಲ್ಲ. ಪಠ್ಯದಲ್ಲಿ ಚಿತ್ರಸಹಿತ ಇದ್ದದ್ದನ್ನೇ ಪ್ರತಿ ವರ್ಷ ಪ್ರತಿ ವಿದ್ಯಾರ್ಥಿಯೂ ಒಂದು ಜೀವಿಯನ್ನು ಕೊಯ್ದು ನೋಡಿ, ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದನು. ಹೊಸ ಜ್ಞಾನವೇನೂ ಅದರಿಂದ ಹುಟ್ಟುತ್ತಿರಲಿಲ್ಲ. ಅನರ್ಥದಂಡಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ.

ವಿಶ್ವವಿದ್ಯಾಲಯ ಅನುದಾನ ಆಯೋಗವು 2011ರಲ್ಲಿ ಛೇದನವನ್ನು ಹಂತಹಂತವಾಗಿ ಬಿಡುವ ಮಾರ್ಗಸೂಚಿ ನೀಡಿ, 2014ರಲ್ಲಿ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಅದನ್ನು ಸಂಪೂರ್ಣವಾಗಿ ನಿಲ್ಲಿಸಲು ಸೂಚಿಸಿತು. 1960ರ ಕಾನೂನು ಕಂಡ ದಾರಿಯಲ್ಲಿ ನಡೆಯಲು ಐವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ತಡವಾದುದು ವಿಜ್ಞಾನದ ಅಡ್ಡಿಯಿಂದಲ್ಲ, ರೂಢಿಯ ಭಾರದಿಂದ.

ನೋಡುವ ವಿದ್ಯೆ

ಕೊಯ್ಯದೆ ಕಲಿಯುವ ಪರಂಪರೆಯೂ ಈ ದೇಶದಲ್ಲಿದೆ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಜಗದೀಶಚಂದ್ರ ಬೋಸ್ ಅವರು ಗಿಡಗಳ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಯಂತ್ರವನ್ನು ರಚಿಸಿದರು. ಮುಟ್ಟಿದರೆ ಮುನಿ ಮೊದಲಾದ ಸಸ್ಯಗಳಲ್ಲಿ ಹರಿಯುವ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆದರು. ವನಸ್ಪತಿಕಾಯ ಜೀವಕ್ಕೆ ಸ್ಪರ್ಶೇಂದ್ರಿಯವಿದೆಯೆಂಬ ಆಗಮವಾಕ್ಯಕ್ಕೆ ಇದೇ ಪ್ರಮಾಣವೆಂದು ಕೆಲವರು ಹಿಗ್ಗುವುದುಂಟು. ಸಸ್ಯಕ್ಕೆ ಮೆದುಳೂ ನರಮಂಡಲವೂ ಇಲ್ಲವೆಂದು ಇಂದಿನ ವಿಜ್ಞಾನ ಹೇಳುತ್ತದೆ. ಅದರ ಪ್ರತಿಕ್ರಿಯೆಯನ್ನು ನೋವೆಂದು ಅದು ಕರೆಯುವುದಿಲ್ಲ. ಆಗಮಕ್ಕೆ ಯಂತ್ರದ ಪ್ರಮಾಣಪತ್ರ ಬೇಕಿಲ್ಲ. ವಿಜ್ಞಾನದ ಬಾಯಿಂದ ಅದು ಹೇಳದ ಮಾತನ್ನು ಹೇಳಿಸುವುದೂ ಸತ್ಯವ್ರತಕ್ಕೆ ಸಲ್ಲದು. ನಿಷ್ಪ್ರಯೋಜಕವಾಗಿ ಸಸ್ಯಗಳನ್ನು ಕಡಿಯುವುದನ್ನೂ ಪ್ರಮಾದಚರ್ಯೆಯೆಂದ ಶಾಸ್ತ್ರಕ್ಕೆ, ಬೋಸರ ಜಾಗರೂಕ ದೃಷ್ಟಿ ಸಮೀಪದ್ದೆಂದರೆ ಸಾಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ಕಾಗದದಂಥ ಗೂಡು ಕಟ್ಟುವ ಕಣಜದ ಹುಳುಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ಒಂದೊಂದು ಹುಳುವಿಗೂ ಬಣ್ಣದ ಚುಕ್ಕೆಯಿಟ್ಟು, ಯಾವುದು ಏನು ಮಾಡುತ್ತದೆಂದು ತಾಳ್ಮೆಯಿಂದ ಬರೆದಿಡುವುದೇ ಆ ಅಧ್ಯಯನದ ಜೀವಾಳ. ಅಗ್ಗದ ಸಾಧನಗಳಿಂದ ಮಹತ್ವದ ಜ್ಞಾನ ಪಡೆಯಬಹುದೆಂಬುದನ್ನು ಅದು ತೋರಿಸಿತು.

ಸಮಾಜದ ಪಾಲು

ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದಲೂ ಪಾಪ ಬರುತ್ತದೆಂಬುದು ಜೈನ ಸಿದ್ಧಾಂತ. ಕತ್ತಿ ಹಿಡಿಯದವನೂ ಹಣ ಕೊಟ್ಟರೆ ಕಾರಿತ; ಕಂಡೂ ಸುಮ್ಮನೆ ಸಮ್ಮತಿಸಿದರೆ ಅನುಮೋದನ. ಸಮಾಜದ ಟ್ರಸ್ಟುಗಳು ಕಾಲೇಜುಗಳನ್ನು ನಡೆಸುತ್ತವೆ, ವಿದ್ಯಾರ್ಥಿವೇತನ ನೀಡುತ್ತವೆ, ಪ್ರಯೋಗಶಾಲೆಗಳಿಗೆ ದಾನಿಗಳ ಹೆಸರಿನ ಫಲಕ ಹಾಕುತ್ತವೆ. ಫಲಕದ ಹಿಂದಿನ ಕೋಣೆಯಲ್ಲಿ ಏನು ನಡೆಯುತ್ತದೆಂದು ಕೇಳುವುದು ಅವುಗಳ ಹಕ್ಕು ಮಾತ್ರವಲ್ಲ, ಕರ್ತವ್ಯ.

ಕೇಳುವ ದಾರಿಯನ್ನು ಕಾನೂನೇ ತೆರೆದಿದೆ. 1998ರ ನಿಯಮಗಳ ವ್ಯವಸ್ಥೆಯಂತೆ ಪ್ರಾಣಿಪ್ರಯೋಗ ನಡೆಸುವ ಪ್ರತಿ ಸಂಸ್ಥೆಯಲ್ಲೂ ಒಂದು ನೀತಿ ಸಮಿತಿ ಇರಬೇಕು. ಅದರಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಅರಿವುಳ್ಳ ಒಬ್ಬ ಸದಸ್ಯನಿಗೂ ಸ್ಥಾನವಿದೆ. ಆ ಕುರ್ಚಿಯಲ್ಲಿ ಕೂರುವವನು ಪ್ರತಿ ಪ್ರಸ್ತಾವಕ್ಕೂ ಮೂರು ಪ್ರಶ್ನೆ ಹಾಕಬಹುದು. ಪ್ರಾಣಿಯಿಲ್ಲದೆ ಆಗದೇ? ಇಷ್ಟು ಬೇಕೇ? ನೋವು ತಗ್ಗಿಸಲು ಏನು ಮಾಡಿದ್ದೀರಿ? ಔಷಧಿ, ಲಸಿಕೆಗಳ ಫಲವನ್ನು ಎಲ್ಲ ಮನೆಗಳೂ ಉಣ್ಣುತ್ತಿರುವಾಗ ವಿಜ್ಞಾನವನ್ನೇ ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ. ಆ ಸಮಿತಿಯ ಕಡತಗಳನ್ನು ಓದಿ, ತಿಳಿಯದ್ದನ್ನು ವಿಚಾರಿಸಿ, ಬೇಡವೆನ್ನಬೇಕಾದಲ್ಲಿ ಬೇಡವೆನ್ನುವುದು ಕಷ್ಟ. ಅನರ್ಥದಂಡವಿರತಿಯನ್ನು ಸ್ವೀಕರಿಸಿದ ಶ್ರಾವಕನಿಗೆ ಒಪ್ಪುವ ಕೆಲಸ ಎರಡನೆಯದು.