ಘಟನೆಯಿಂದ ಅಭ್ಯಾಸಕ್ಕೆ: ಡಿಜಿಟಲ್ ಮಾಧ್ಯಮ ಮತ್ತು ಪರಿಸರಸ್ನೇಹಿ ನಡವಳಿಕೆ

ಮಾಹಿತಿ ತಲುಪಿದರೆ ಅರಿವು ಮೂಡುತ್ತದೆ, ಅರಿವು ಮೂಡಿದರೆ ನಡವಳಿಕೆ ತಾನಾಗಿ ಬದಲಾಗುತ್ತದೆ ಎಂಬ ನಂಬಿಕೆಯ ಮೇಲೆ ನಮ್ಮ ಬಹುಪಾಲು ಪರಿಸರ ಪ್ರಚಾರ ನಿಂತಿದೆ. ಸರ್ಕಾರಿ ಇಲಾಖೆಗಳ ಫೇಸ್‌ಬುಕ್ ಪುಟಗಳಿಂದ ಹಿಡಿದು ಶಾಲಾ ಮಕ್ಕಳ ರೀಲ್ಸ್ ಸ್ಪರ್ಧೆಗಳವರೆಗೆ ಎಲ್ಲದರ ಹಿಂದೆಯೂ ಈ ಸರಪಳಿಯೇ ಇದೆ. ಸಂಶೋಧನೆ ಮಾತ್ರ ಇದನ್ನು ಬಹಳ ಹಿಂದೆಯೇ ಸಂಶಯಿಸಿದೆ. ಪರಿಸರದ ಬಗ್ಗೆ ತಿಳಿದವರು ತಿಳಿದಂತೆ ಏಕೆ ನಡೆಯುವುದಿಲ್ಲ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ಕೋಲ್ಮಸ್ ಮತ್ತು ಅಗ್ಯೆಮನ್ ಅವರ 2002ರ ಲೇಖನವು, ಅರಿವಿನಿಂದ ಕ್ರಿಯೆಗೆ ನೇರ ದಾರಿ ಇಲ್ಲವೆಂದೂ ನಡುವೆ ಸೌಕರ್ಯ, ಹಣ, ಸಾಮಾಜಿಕ ರೂಢಿ, ಹಳೆಯ ಅಭ್ಯಾಸಗಳೆಲ್ಲ ಅಡ್ಡ ನಿಲ್ಲುತ್ತವೆಂದೂ ತೋರಿಸಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನಾವು ಈ ಅಂತರವನ್ನು ಆಷಾಢಭೂತಿತನದ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ಆದರೆ ಇಲ್ಲಿ ಕೊರತೆ ಪ್ರಾಮಾಣಿಕತೆಯದಲ್ಲ, ವ್ಯವಸ್ಥೆಯದು. ಡಿಜಿಟಲ್ ಮಾಧ್ಯಮ ಒಂದು ಘಟನೆಯ ಸುತ್ತ ಜನರನ್ನು ಒಟ್ಟುಗೂಡಿಸುವುದರಲ್ಲಿ ಬಲಶಾಲಿ. ದಿನನಿತ್ಯದ ಅಭ್ಯಾಸ ರೂಪಿಸುವುದರಲ್ಲಿ ತಾನೊಂದೇ ಇದ್ದರೆ ಅದು ದುರ್ಬಲ. ಮಾಡಿದ ಕೆಲಸದ ಫಲಿತಾಂಶವನ್ನು ಮಾಡಿದವರಿಗೇ ಮತ್ತೆ ಮತ್ತೆ ತೋರಿಸಿದಾಗ, ಮತ್ತು ಆ ಕೆಲಸಕ್ಕೆ ಬೇಕಾದ ಸೌಲಭ್ಯ ಮನೆಬಾಗಿಲಲ್ಲಿ ಇದ್ದಾಗ ಮಾತ್ರ ಅದು ಅಭ್ಯಾಸವನ್ನು ಬದಲಿಸುತ್ತದೆ. ಇದು ಈ ಲೇಖನದ ವಾದ. ಬೆಂಗಳೂರಿನ ಅನುಭವ ಇದಕ್ಕೆ ಮುಖ್ಯ ಆಧಾರ.

ಮೊದಲು ಬಲದ ಮಾತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ 2016ರಲ್ಲಿ ಮುಂದೆ ಬಂದಾಗ, ಎಂಟುನೂರಕ್ಕೂ ಹೆಚ್ಚು ಮರಗಳಿಗೆ ಕೊಡಲಿ ಬೀಳುವುದು ಖಚಿತವಾಗಿತ್ತು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಹ್ಯಾಷ್‌ಟ್ಯಾಗ್ ಕೆಲವೇ ದಿನಗಳಲ್ಲಿ ಊರ ಮಾತಾಯಿತು. ಆ ವರ್ಷದ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಯುದ್ದಕ್ಕೂ ಕೈಕೈ ಹಿಡಿದು ಮಾನವ ಸರಪಳಿ ಕಟ್ಟಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಇದರ ಪೂರ್ತಿ ಶ್ರೇಯ ಮೊಬೈಲ್ ಪರದೆಗೆ ಸಲ್ಲದು. ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆ ಮತ್ತು ರಾಜಕೀಯ ಆರೋಪಗಳ ಒತ್ತಡವೂ ಅದರಲ್ಲಿ ಸೇರಿದ್ದವು. ಆದರೂ ಪರಸ್ಪರ ಪರಿಚಯವಿಲ್ಲದ ಬಡಾವಣೆಗಳ ಜನರನ್ನು ಒಂದೇ ಬೆಳಗ್ಗೆ ಒಂದೇ ರಸ್ತೆಗೆ ತಂದದ್ದು ಆ ಮಾಧ್ಯಮವೇ. ಗೆಲುವಿಗೆ ಕಾರಣವಾದ ಲಕ್ಷಣಗಳನ್ನು ಗಮನಿಸಬೇಕು: ಬೇಡಿಕೆ ಒಂದೇ, ಎದುರಾಳಿ ಸ್ಪಷ್ಟ, ಹೋರಾಟಕ್ಕೊಂದು ಕೊನೆಯಿದೆ. ಅದೇ ಜನ ಮರುದಿನದಿಂದ ಕಾರು ಬಿಟ್ಟು ಬಸ್ಸು ಹತ್ತಬೇಕೆಂದು ಆ ಹ್ಯಾಷ್‌ಟ್ಯಾಗ್ ಕೇಳಲಿಲ್ಲ, ಕೇಳಿದ್ದರೂ ಅದಕ್ಕೆ ಅಷ್ಟು ಬಲ ಇರುತ್ತಿರಲಿಲ್ಲ.

ಬೆಳ್ಳಂದೂರು ಕೆರೆಯ ಕಥೆ ಈ ಮಿತಿಯನ್ನು ಇನ್ನಷ್ಟು ನಿಚ್ಚಳವಾಗಿ ತೋರಿಸುತ್ತದೆ. ಕೆರೆಯ ನೊರೆ ರಸ್ತೆಗೆ ಹಾರಿ ಬರುವ ದೃಶ್ಯಗಳು 2015ರಲ್ಲಿ ದೇಶವಿದೇಶ ಸುತ್ತಿದವು; 2017 ಮತ್ತು 2018ರಲ್ಲಿ ಅಲ್ಲೇ ಎದ್ದ ಬೆಂಕಿಯ ವಿಡಿಯೊಗಳೂ ಹಾಗೆಯೇ ಹಬ್ಬಿದವು. ನೋಡಿದವರ ಸಂಖ್ಯೆಯೇ ಅಳತೆಗೋಲಾಗಿದ್ದರೆ ಇದಕ್ಕಿಂತ ಯಶಸ್ವಿ ಪರಿಸರ ಸಂವಹನ ಬೇರೆ ಸಿಗದು. ಆದರೆ ನೊರೆಗೆ ಮುಖ್ಯ ಕಾರಣ ಸಂಸ್ಕರಣೆಯಾಗದೆ ಕೆರೆ ಸೇರುವ ಕೊಳಚೆ ನೀರು, ಅದರಲ್ಲಿರುವ ಡಿಟರ್ಜೆಂಟ್ ಅಂಶ. ವಿಡಿಯೊ ನೋಡಿದ ಮನೆಯ ಬಚ್ಚಲಿನಿಂದ ಹೊರಟ ಸೋಪಿನ ನೀರೂ ಅದೇ ನೊರೆಯಾಗಿರಬಹುದು. ಆ ನಂಟನ್ನು ಚಿತ್ರ ಹೇಳುವುದಿಲ್ಲ. ಹೇಳಿದರೂ, ಒಳಚರಂಡಿ ಮತ್ತು ಸಂಸ್ಕರಣಾ ಘಟಕ ಕಟ್ಟುವುದು ಒಬ್ಬ ನೋಡುಗನ ಕೈಲಾಗುವ ಕೆಲಸವಲ್ಲ. ಇಲ್ಲಿ ಡಿಜಿಟಲ್ ಮಾಧ್ಯಮದಿಂದ ಆದ ಉಪಕಾರ ಬೇರೆ: ಅದು ಆಡಳಿತದ ಮೇಲೆ ಸಾರ್ವಜನಿಕ ಒತ್ತಡ ತಂದಿತು. ಹಾಗಾಗಿ ವ್ಯಕ್ತಿಯ ಅಭ್ಯಾಸದಿಂದ ಬಗೆಹರಿಯುವ ಸಮಸ್ಯೆ ಯಾವುದು, ಸಂಸ್ಥೆಗಳ ಹೊಣೆಯಿಂದ ಬಗೆಹರಿಯುವುದು ಯಾವುದು ಎಂದು ಮೊದಲೇ ಬೇರ್ಪಡಿಸದ ಪ್ರಚಾರ ಜನರಲ್ಲಿ ತಪ್ಪಿತಸ್ಥ ಭಾವನೆಯನ್ನಷ್ಟೇ ಉಳಿಸುತ್ತದೆ.

ಅಭ್ಯಾಸ ಬದಲಾಗುವ ಬಗೆಯನ್ನು ತೂಗಿ ನೋಡಿದ ಗಟ್ಟಿ ಅಧ್ಯಯನಗಳು ವಿದ್ಯುತ್ ಬಳಕೆಯ ಕ್ಷೇತ್ರದಲ್ಲಿವೆ. ಅಮೆರಿಕದ ಓಪವರ್ ಕಂಪನಿಯು ಪ್ರತಿ ಮನೆಯ ಬಳಕೆಯನ್ನು ನೆರೆಹೊರೆಯ ಅದೇ ಬಗೆಯ ಮನೆಗಳೊಂದಿಗೆ ಹೋಲಿಸಿ ವರದಿ ಕಳುಹಿಸುತ್ತಿತ್ತು. ಸುಮಾರು ಆರು ಲಕ್ಷ ಮನೆಗಳನ್ನು ಒಳಗೊಂಡ ಪ್ರಯೋಗಗಳನ್ನು ವಿಶ್ಲೇಷಿಸಿದ ಹಂಟ್ ಆಲ್ಕಾಟ್ 2011ರಲ್ಲಿ ಕಂಡದ್ದು ಸರಾಸರಿ ಶೇ 2ರಷ್ಟು ಉಳಿತಾಯ. ಅಂಕಿ ಚಿಕ್ಕದು, ಅದರ ನಡೆ ಮಾತ್ರ ಮುಖ್ಯ. ಆಲ್ಕಾಟ್ ಮತ್ತು ರಾಜರ್ಸ್ 2014ರಲ್ಲಿ ತೋರಿಸಿದಂತೆ, ಮೊದಮೊದಲ ವರದಿ ಕೈಸೇರಿದಾಗ ಬಳಕೆ ಇಳಿಯುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ಏರುತ್ತದೆ. ವರದಿಗಳು ಬರುತ್ತಲೇ ಇದ್ದರೆ ಈ ಏರಿಳಿತ ತಗ್ಗಿ ಉಳಿತಾಯ ನೆಲೆಯೂರುತ್ತದೆ. ಎರಡು ವರ್ಷದ ನಂತರ ವರದಿ ನಿಲ್ಲಿಸಿದರೂ ಅದು ನಿಧಾನವಾಗಿಯಷ್ಟೇ ಕರಗುತ್ತದೆ. ಇನ್ನೊಂದು ಎಚ್ಚರಿಕೆ 2007ರಲ್ಲಿ ಶುಲ್ಟ್ಸ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ ನಡೆಸಿದ ಅಧ್ಯಯನದಿಂದ ಬಂದಿದೆ. ಸರಾಸರಿಗಿಂತ ಕಡಿಮೆ ವಿದ್ಯುತ್ ಬಳಸುತ್ತಿದ್ದ ಮನೆಗಳು ಆ ಸಂಗತಿ ತಿಳಿದ ಮೇಲೆ ಹೆಚ್ಚು ಬಳಸತೊಡಗಿದವು. ಅಂಕಿಯ ಪಕ್ಕದಲ್ಲಿ ಒಂದು ನಗುಮುಖದ ಚಿತ್ರ ಬರೆದಾಗ ಆ ಜಾರುವಿಕೆ ನಿಂತಿತು. ಬರೀ ಅಂಕಿ ಸಾಲದು, ಮೆಚ್ಚುಗೆಯ ಸುಳಿವೂ ಬೇಕು. ಓಪವರ್ ವರದಿಗಳು ಬಹುತೇಕ ಅಂಚೆಯಲ್ಲಿ ಬಂದ ಕಾಗದಗಳೇ; ಅವನ್ನು ಸಾಧ್ಯವಾಗಿಸಿದ್ದು ಅವುಗಳ ಹಿಂದಿದ್ದ ಗಣಕದ ಲೆಕ್ಕ. ಕೆಲಸ ಮಾಡಿದ್ದು ಹಿಮ್ಮಾಹಿತಿ, ಪರದೆಯ ಮೆರುಗಲ್ಲ.

ಹಿಮ್ಮಾಹಿತಿ ಅಭ್ಯಾಸವಾಗಿ ಬೆಳೆದ ಉದಾಹರಣೆ ಭಾರತದ ಹಕ್ಕಿ ವೀಕ್ಷಕರಲ್ಲಿದೆ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಇ-ಬರ್ಡ್ ತಾಣದಲ್ಲಿ ಪಟ್ಟಿ ದಾಖಲಿಸುವವರು ಹೊತ್ತು, ದೂರ, ಎಣಿಕೆಗಳನ್ನು ತುಂಬಿದ ಮೇಲೆ ಒಂದು ಪ್ರಶ್ನೆಗೆ ಉತ್ತರಿಸಬೇಕು: ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಹೌದು ಎನ್ನಬೇಕಾದರೆ ಅಪರೂಪದ ಹಕ್ಕಿಯ ಜೊತೆಗೆ ಕಾಗೆ, ಪಾರಿವಾಳಗಳನ್ನೂ ಎಣಿಸಿರಬೇಕು. ಕಾಣದೆ ಹೋದದ್ದೂ ಆಗ ಮಾಹಿತಿಯಾಗುತ್ತದೆ. ಈ ಸಣ್ಣ ಪ್ರಶ್ನೆ ನೋಡುವ ಕ್ರಮವನ್ನೇ ತಿದ್ದುತ್ತದೆ. ಬರೆದವರಿಗೆ ತಮ್ಮ ಪಟ್ಟಿ ಬೆಳೆಯುವುದು ಕಾಣುತ್ತದೆ, ಸಂಶಯವಿರುವ ದಾಖಲೆಯನ್ನು ಸ್ಥಳೀಯ ಪರಿಶೀಲಕರು ವಿಚಾರಿಸುತ್ತಾರೆ. ಹೀಗೆ ಸುಮಾರು 30 ಸಾವಿರ ಜನ ಕೂಡಿಟ್ಟ ಮೂರು ಕೋಟಿ ದಾಖಲೆಗಳ ಮೇಲೆ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಪ್ರಭೇದಗಳ ಸ್ಥಿತಿಯನ್ನು ಅಂದಾಜಿಸಿತು. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಇಳಿಮುಖವಾಗಿದೆ ಎಂಬ ಆತಂಕ ಹೊರಬಿದ್ದದ್ದು ಈ ಸಾಮಾನ್ಯ ಪಟ್ಟಿಗಳಿಂದಲೇ. ಇಲ್ಲಿ ಅರಿವು ಮೊದಲು ಬಂದು ಕ್ರಿಯೆ ಹಿಂಬಾಲಿಸಲಿಲ್ಲ. ಮಾಡುತ್ತ ಮಾಡುತ್ತಲೇ ಅರಿವು ಬೆಳೆಯಿತು.

ಮನೆಯ ಕಸದ ವಿಚಾರದಲ್ಲಿ ಸೌಲಭ್ಯದ ಪಾತ್ರ ಎದ್ದು ಕಾಣುತ್ತದೆ. ಮಂಡೂರಿನ ಗ್ರಾಮಸ್ಥರು ಬೆಂಗಳೂರಿನ ಕಸ ತಮ್ಮೂರಿಗೆ ಬೇಡವೆಂದು 2014ರಲ್ಲಿ ಪಟ್ಟು ಹಿಡಿದ ಮೇಲೆ ನಗರಕ್ಕೆ ಬೇರೆ ದಾರಿ ಉಳಿಯಲಿಲ್ಲ. ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಎಂಬ ‘ಎರಡು ಬುಟ್ಟಿ, ಒಂದು ಚೀಲ’ದ ಪದ್ಧತಿಯನ್ನು ನಾಗರಿಕ ಗುಂಪುಗಳು ಜಾಲತಾಣಗಳ ಮೂಲಕ ಹರಡಿದವು, 2015ರಲ್ಲಿ ಹೈಕೋರ್ಟ್ ಅದಕ್ಕೆ ಒತ್ತು ಕೊಟ್ಟಿತು. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಬೇರ್ಪಡಿಸದ ಬುಟ್ಟಿಯ ಫೋಟೊ ಬಿದ್ದರೆ ಮರುದಿನ ಆ ಮಹಡಿಯ ಕಸ ಸರಿಹೋಗುವುದುಂಟು. ಆದರೆ ಬೇರ್ಪಡಿಸಿದ ಕಸವನ್ನು ಆಟೊ ಟಿಪ್ಪರ್ ಒಂದೇ ರಾಶಿಗೆ ಸುರಿದುಕೊಂಡು ಹೋದರೆ, ತಿಂಗಳ ಸಂದೇಶಗಳೆಲ್ಲ ಒಂದೇ ಬೆಳಗ್ಗೆ ಸುಳ್ಳಾಗುತ್ತವೆ. ಅಲ್ಲದೆ, ಎಷ್ಟೋ ಮನೆಗಳಲ್ಲಿ ಬುಟ್ಟಿ ಮುಟ್ಟುವುದು ಮನೆಗೆಲಸದಾಕೆ. ಆಕೆ ಆ ಗುಂಪಿನಲ್ಲಿ ಇರುವುದಿಲ್ಲ. ಯಾರ ಕೈ ಬದಲಾಗಬೇಕೋ ಅವರನ್ನೇ ಬಿಟ್ಟ ಪ್ರಚಾರ ತಪ್ಪು ವಿಳಾಸಕ್ಕೆ ಹೋದ ಪತ್ರವಿದ್ದಂತೆ.

ಇಷ್ಟು ಹೇಳಿದ ಮೇಲೆ ಮೂರು ಆಕ್ಷೇಪಗಳು ಏಳುತ್ತವೆ. ಬದಲಾವಣೆ ತಂದದ್ದು ಕಾನೂನು ಮತ್ತು ಟಿಪ್ಪರ್, ಮಾಧ್ಯಮಕ್ಕೆ ಇಲ್ಲೇನು ಕೆಲಸ ಎಂಬುದು ಮೊದಲನೆಯದು. ಕಾನೂನು ಹೊಣೆ ಹೊರಿಸುತ್ತದೆ, ನಿಜ. ಆದರೆ ಪ್ರತಿ ಮನೆಯ ಅಡುಗೆಮನೆಗೆ ಪೊಲೀಸರನ್ನು ಕಳುಹಿಸಲಾಗದು. ಅಲ್ಲಿ ನೆರೆಹೊರೆಯ ನೋಟವೇ ಕೆಲಸ ಮಾಡಬೇಕು, ಆ ನೋಟವನ್ನು ತಲುಪಿಸಲು ಇಂದು ಫೋನಿನಷ್ಟು ಅಗ್ಗದ ಸಾಧನ ಇನ್ನೊಂದಿಲ್ಲ. ಎರಡನೆಯ ಆಕ್ಷೇಪ ಭಾಷೆ ಮತ್ತು ಸಂಪರ್ಕದ ಅಸಮಾನತೆಯದು. ಇದು ಕಲ್ಪಿತ ತೊಡಕಲ್ಲ. 2020ರ ಪರಿಸರ ಪರಿಣಾಮ ಮೌಲ್ಯಮಾಪನದ ಕರಡು ಅಧಿಸೂಚನೆ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿತ್ತು, ಆದರೆ ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅದನ್ನು ಎಂಟನೇ ಅನುಸೂಚಿಯ ಭಾಷೆಗಳಿಗೆ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಆದೇಶಿಸಬೇಕಾಯಿತು. ಕನ್ನಡದಲ್ಲಿ ಪ್ರಚಾರವಾಗಿಲ್ಲವೆಂಬ ದೂರು ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಈ ಆಕ್ಷೇಪ ಮಾಧ್ಯಮವನ್ನು ಕೈಬಿಡಲು ಕಾರಣವಾಗದು. ಕನ್ನಡದಲ್ಲಿ, ಓದಲು ಬಾರದವರಿಗೆ ಧ್ವನಿಯಲ್ಲಿ, ಅದನ್ನು ಬಳಸಬೇಕೆಂಬುದಕ್ಕೆ ಕಾರಣವಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ತೂಕದ್ದು: ಪರಿಸರ ಉಳಿಸುವ ಸಾಧನವೇ ಪರಿಸರಕ್ಕೆ ಭಾರವಲ್ಲವೇ? ಜಗತ್ತು 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉತ್ಪಾದಿಸಿತು, ಅದರಲ್ಲಿ ಅಧಿಕೃತವಾಗಿ ಸಂಗ್ರಹಿಸಿ ಮರುಬಳಕೆಯಾದದ್ದು ಶೇ 22.3 ಮಾತ್ರ. ದತ್ತಾಂಶ ಕೇಂದ್ರಗಳು 2024ರಲ್ಲಿ ಜಾಗತಿಕ ವಿದ್ಯುತ್ತಿನ ಸುಮಾರು ಶೇ 1.5 ಬಳಸಿದವೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜಿಸಿದೆ. ಈ ಖರ್ಚು ತೀರಿಸುವಷ್ಟು ಫಲ ಎಲ್ಲ ಪರಿಸರ ಪ್ರಚಾರಕ್ಕೂ ಇಲ್ಲ. ಕಸ ಬೇರ್ಪಡಿಸುವ ಬಗೆಯನ್ನು ಹೇಳುವ ಪುಟ್ಟ ಧ್ವನಿಸಂದೇಶಕ್ಕೂ, ಲಕ್ಷ ಸಲ ನೋಡಿ ಮರೆತುಬಿಡುವ ವಿಡಿಯೊಗೂ ಈ ಲೆಕ್ಕದಲ್ಲಿ ಅಜಗಜಾಂತರವಿದೆ. ಹಾಗಾಗಿ ಆಕ್ಷೇಪ ಖಂಡಿಸುವುದು ಮಾಧ್ಯಮವನ್ನಲ್ಲ, ಅದರ ದುಂದನ್ನು.

ಇದರಿಂದ ಸಂಶೋಧಕರಿಗೂ ಇಲಾಖೆಗಳಿಗೂ ಒಂದು ಸ್ಪಷ್ಟ ಕೆಲಸ ಉಳಿಯುತ್ತದೆ: ಯಶಸ್ಸಿನ ಅಳತೆಗೋಲನ್ನು ಬದಲಿಸುವುದು. ಒಂದು ಪ್ರಚಾರ ಎಷ್ಟು ವೀಕ್ಷಣೆ ಗಳಿಸಿತೆಂಬುದನ್ನು ಪಕ್ಕಕ್ಕಿಟ್ಟು, ಆ ವಾರ್ಡಿನಲ್ಲಿ ಶುದ್ಧವಾಗಿ ಸಿಕ್ಕ ಹಸಿ ಕಸದ ತೂಕ ಪ್ರಚಾರದ ಮುನ್ನ ಎಷ್ಟಿತ್ತು, ಮುಗಿದ ಆರು ತಿಂಗಳ ಮೇಲೆ ಎಷ್ಟಿದೆ ಎಂದು ಕೇಳಬೇಕು. ಆ ತೂಕವನ್ನು ವಾರವಾರ ಅದೇ ಬೀದಿಯ ಜನರಿಗೆ, ಪೌರಕಾರ್ಮಿಕರಿಗೆ, ಮನೆಗೆಲಸದವರಿಗೆ ಅವರವರ ಭಾಷೆಯಲ್ಲಿ ತಿಳಿಸಿದರೆ ಅಳತೆಯೇ ಹಿಮ್ಮಾಹಿತಿಯಾಗುತ್ತದೆ. ಹಾಗೆ ತಿಳಿಸಲು ಬೇಕಾದ ತಂತ್ರಜ್ಞಾನ ಈಗಾಗಲೇ ಬಹುಪಾಲು ಜನರ ಜೇಬಿನಲ್ಲಿದೆ. ಇಲ್ಲದಿರುವುದು ತೂಗಿ ತಿಳಿಸುವ ಆಡಳಿತದ ಶಿಸ್ತು.