ಎರಡನೆಯ ಭಾಗದಲ್ಲಿ ಅವಳೆಲ್ಲಿ?

ನಮ್ಮ ಕಡೆ ಬಾಗಿಲಿಗೆ ಬಂದವರು ನೀರು ಕೇಳಿದರೆ ಇಲ್ಲವೆನ್ನುವ ಪದ್ಧತಿ ಇರಲಿಲ್ಲ. ಬರೀ ನೀರು ಕೊಡಬಾರದೆಂದು ಚೂರು ಬೆಲ್ಲವನ್ನೂ ಕೈಗಿಡುತ್ತಿದ್ದರು. ಆ ಪದ್ಧತಿಗೆ ಪೆಟ್ಟು ಬಿದ್ದದ್ದು 1990ರ ದಶಕದ ಕೊನೆಯ ಹೊತ್ತಿಗೆ. ಹೊಸಕೋಟೆ ಹತ್ತಿರದ ದಂಡುಪಾಳ್ಯದ ಹೆಸರು ಹೊತ್ತ ತಂಡವೊಂದು ಮಟಮಟ ಮಧ್ಯಾಹ್ನ ಹೆಂಗಸರಷ್ಟೇ ಇರುವ ಮನೆ ನೋಡಿ, ನೀರಿನ ನೆಪದಲ್ಲಿ ಒಳಹೊಕ್ಕು, ಕತ್ತು ಕೊಯ್ದು ಒಡವೆ ದೋಚುತ್ತದೆಂಬ ಸುದ್ದಿ ಮನೆಮನೆಗೂ ಮುಟ್ಟಿತು. ನಮ್ಮ ಮೇಲೂರಿಗೆ ಹೊಸಕೋಟೆ ದೂರದ ಊರೇನಲ್ಲ. ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತ ಹಗಲೆಲ್ಲ ಬಾಗಿಲು ತೆರೆದೇ ಇಡುತ್ತಿದ್ದ ಹೆಂಗಸರೂ ಚಿಲಕ ಹಾಕುವುದನ್ನು ಕಲಿತರು.

ಆ ಭಯ 2012ರಲ್ಲಿ ಸಿನಿಮಾ ಆಯಿತು. ಶ್ರೀನಿವಾಸ ರಾಜು ನಿರ್ದೇಶಿಸಿದ 'ದಂಡುಪಾಳ್ಯ' ಚೆನ್ನಾಗಿ ಓಡಿತು. 'ಮುಂಗಾರು ಮಳೆ'ಯ ಮುದ್ದು ಹುಡುಗಿ ಪೂಜಾ ಗಾಂಧಿಯನ್ನು ಬೀಡಿ ಸೇದುವ ಕೊಲೆಗಾತಿಯಾಗಿ ನೋಡಿ ಜನ ಬೆರಗಾದರು.

ಇಂಥ ಚಿತ್ರಗಳ ಲೆಕ್ಕಾಚಾರ ಸರಳ. ಅರಮನೆಯ ಸೆಟ್ಟು ಬೇಡ, ವಿದೇಶದಲ್ಲಿ ಹಾಡು ಬೇಡ. ಒಂದು ಮನೆ, ಒಂದು ಚಾಕು, ಒಂಟಿ ಹೆಂಗಸು ಇದ್ದರೆ ಸಾಕು. ಅಮೆರಿಕದಲ್ಲಿ 1978ರಲ್ಲಿ ಜಾನ್ ಕಾರ್ಪೆಂಟರ್ ಸುಮಾರು ಮೂರು ಲಕ್ಷ ಡಾಲರಿನಲ್ಲಿ 'ಹ್ಯಾಲೋವೀನ್' ಮಾಡಿ ಕೋಟಿಗಟ್ಟಲೆ ಗಳಿಕೆ ಕಂಡರು. ಲಾಭ ಬಂದ ಮೇಲೆ ಎರಡನೆಯ ಭಾಗ ಬೇಕಲ್ಲ? ಅದಕ್ಕೆ ಕೊಲೆಗಾರ ಬದುಕಿರಬೇಕು. ಅವನು ಕೊಲ್ಲುವುದಕ್ಕೊಂದು ಕಾರಣವೂ ಬೇಕು. 1981ರಲ್ಲಿ ಬಂದ ಎರಡನೆಯ ಭಾಗದಲ್ಲಿ ನಾಯಕಿ ಅವನ ತಂಗಿಯೇ ಎಂದು ಹೇಳಿ ಆ ಕಾರಣ ಹೊಂದಿಸಿದರು.

ನಮ್ಮಲ್ಲೂ ಹಾಗೆಯೇ ಆಯಿತು. 2017ರಲ್ಲಿ '2' ಎಂಬ ಅಂಕಿಯನ್ನೇ ಹೆಸರಾಗಿಟ್ಟುಕೊಂಡು ಮುಂದಿನ ಭಾಗ ಬಂತು. ಇದರಲ್ಲಿ ಶ್ರುತಿ ಪತ್ರಕರ್ತೆ. ಜೈಲಿನಲ್ಲಿರುವವರ ಮಾತು ಕೇಳುತ್ತ ಹೋದಂತೆ, ಪೊಲೀಸರು ಹೊಡೆದು ಬಡಿದು ಒಪ್ಪಿಸಿದರೆಂಬ ಇನ್ನೊಂದು ಕಥೆ ತೆರೆದುಕೊಳ್ಳುತ್ತದೆ. ಮೊದಲ ಭಾಗದಲ್ಲಿ ನಮ್ಮನ್ನು ನಡುಗಿಸಿದವರೇ ಇಲ್ಲಿ ನೋವು ತಿನ್ನುತ್ತಾರೆ.

ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಬೆತ್ತ ಎತ್ತಿದರೆ ಮಾಡದ ತಪ್ಪನ್ನೂ ಒಪ್ಪಿಕೊಳ್ಳುವ ಮಕ್ಕಳನ್ನು ತರಗತಿಯಲ್ಲಿ ಕಂಡವಳು ನಾನು. ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯ ಮಾಡುವಂತಿಲ್ಲವೆಂದು 1872ರ ಕಾಯಿದೆಯೇ ಹೇಳಿತ್ತು. ದಂಡುಪಾಳ್ಯದ ಮೊಕದ್ದಮೆಗಳೂ ಒಂದೇ ತೀರ್ಪಿಗೆ ಮುಗಿಯಲಿಲ್ಲ. ವಿಶೇಷ ನ್ಯಾಯಾಲಯ ವಿಧಿಸಿದ ಮರಣದಂಡನೆ ಹೈಕೋರ್ಟಿನಲ್ಲಿ ಜೀವಾವಧಿಗೆ ಇಳಿದದ್ದುಂಟು. ಇನ್ನು ಯಾವ ತಪ್ಪೂ ಮಾಡದ ಆ ಊರಿನ ಜನ? ಇಂದಿಗೂ ಅವರ ಊರಿನ ಹೆಸರು ನಮ್ಮ ಬಾಯಲ್ಲಿ ಬೈಗುಳವಾಗಿ ಉಳಿದಿದೆ.

ಆದರೂ ಒಂದು ಮಾತು ಉಳಿಯುತ್ತದೆ. ಕೊಂದವರ ಕೋಪ ತಾಪ, ಕಣ್ಣೀರು ಎಲ್ಲಕ್ಕೂ ಸಿನಿಮಾದಲ್ಲಿ ಜಾಗವಿದೆ. ಹಿಡಿದ ಪೊಲೀಸರಿಗೂ ಇದೆ. ಬಾಗಿಲು ತೆರೆದ ಆ ಹೆಂಗಸಿಗೆ? ಕಿರುಚುವುದಕ್ಕೆ, ಬೀಳುವುದಕ್ಕೆ ಎಷ್ಟು ಬೇಕೋ ಅಷ್ಟು. ಒಲೆಯ ಮೇಲೆ ಏನಿಟ್ಟಿದ್ದಳು, ಯಾರ ಮದುವೆಗೆಂದು ಸರ ಮಾಡಿಸಿಕೊಂಡಿದ್ದಳು, ಯಾರೂ ಕೇಳುವುದಿಲ್ಲ. ಅವಳ ಒಳ್ಳೆಯತನವೇ ಅವಳ ದಡ್ಡತನವೆಂಬಂತೆ ಕಥೆ ಮುಂದೆ ಓಡುತ್ತದೆ.

2018ರಲ್ಲಿ ಮೂರನೆಯದು, 2019ರಲ್ಲಿ ನಾಲ್ಕನೆಯದೂ ಬಂತು. ನೋಡುವವರು ನೋಡಲಿ, ಬೇಡವೆನ್ನಲು ನಾನು ಯಾರು? ಆದರೆ ಸಂಜೆ ಶಾಲೆ ಬಿಟ್ಟ ಮೇಲೆ ಅಂಥ ಮನೆಗೆ ಮರಳಿದ ಮಗುವಿನ ಕಥೆ ಯಾವ ಭಾಗದಲ್ಲಿ ಬರುತ್ತದೆಂದು ಮಾತ್ರ, ಟೀಚರಮ್ಮನಾಗಿ, ಕೇಳದೆ ಇರಲಾರೆ.